ತೊಂಬತ್ತು ದಿನದ ಚೀಟಿ

ಮನುಷ್ಯ ಬಸ್ಸಿನಲ್ಲಿ ಏನನ್ನು ಮರೆತು ಇಳಿಯುತ್ತಾನೆ ಎಂಬುದರಿಂದ ಅವನ ಯೋಗ್ಯತೆಯನ್ನು ಅಳೆಯಬಹುದು ಎಂದು ಕೊಡೆರಾಯರ ಅಭಿಪ್ರಾಯ. ಹದಿನೇಳು ವರ್ಷಗಳಿಂದ ಬಸ್ ಡಿಪೋದ ಹಿಂಭಾಗದಲ್ಲಿ, ಜನ ಬಿಟ್ಟುಹೋದ ಸಾಮಾನುಗಳ ಕೋಣೆಯಲ್ಲಿ ಗುಮಾಸ್ತರಾಗಿರುವ ಅವರಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವಿದೆ. ಕೋಣೆಯ ಮುಕ್ಕಾಲು ಪಾಲು ಕೊಡೆಗಳೇ ಆದ್ದರಿಂದ ಡಿಪೋದವರು ಅವರನ್ನು ಕೊಡೆರಾಯರು ಎಂದು ಕರೆದರು. ಓಣಿಯವರು ಅದನ್ನೇ ಮುಂದುವರಿಸಿದರು. ಈಗ ಹೆಂಡತಿಯ ತವರಿನವರೂ ಹಾಗೇ ಅನ್ನುವುದರಿಂದ ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಅಲ್ಲೂ ಕಡಿತಗಳ ನಡುವೆ ಅದು ಸರಿಯಾಗಿ ಕಾಣಿಸುವುದಿಲ್ಲ.

ಆ ಕೋಣೆಗೊಂದು ನಿಯಮಾವಳಿ ಇದೆ. ಸಿಕ್ಕಿದ ಪ್ರತಿ ಸಾಮಾನಿಗೂ ದಪ್ಪ ಕಾಗದದ ಚೀಟಿಯೊಂದನ್ನು ಹುರಿಯಿಂದ ಕಟ್ಟಬೇಕು. ಚೀಟಿಯ ಮುಂಬದಿಯಲ್ಲಿ ಸಾಮಾನು, ಸ್ಥಿತಿ, ಸಿಕ್ಕಿದ ಜಾಗ, ತಾರೀಖು, ವಾರಸುದಾರರು ಎಂದು ಐದು ಕಲಮು. ಹಿಂಬದಿಯಲ್ಲಿ ಒಂದು ಗುಂಡು ಮುದ್ರೆ, ಅದರ ಕೆಳಗೆ ಕೆಂಪಕ್ಷರದಲ್ಲಿ ‘ಹರಾಜಿಗೆ’. ತೊಂಬತ್ತು ದಿನ ಕಾದು, ಯಾರೂ ಬಾರದಿದ್ದರೆ ಚೀಟಿಯನ್ನು ಮಗುಚಬೇಕು, ಅಷ್ಟೆ. ಮತ್ತೊಂದು ಮಾತು: ಒಮ್ಮೆ ಕಟ್ಟಿದ ಚೀಟಿಯನ್ನು ವಾರಸುದಾರರೇ ಬಂದು, ರುಜು ಹಾಕಿ ಬಿಚ್ಚಿಸಿಕೊಳ್ಳಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಒಂದು ಸಲ ಕಟ್ಟುಹಲ್ಲಿನ ಸೆಟ್ಟಿನ ಒಡೆಯರೊಬ್ಬರು ಎಂಬತ್ತೊಂಬತ್ತನೆಯ ದಿನ ಓಡಿಬಂದು, ಅವಸರದಲ್ಲಿ ಚೀಟಿಯ ಸಮೇತ ಹಲ್ಲನ್ನು ಬಾಯಿಗೆ ಹಾಕಿಕೊಂಡಾಗಲೂ ರಾಯರು, ‘ಮೊದಲು ರುಜು, ಆಮೇಲೆ ಮಾತು’ ಎಂದಿದ್ದರು. ಆ ಮನುಷ್ಯನಿಗೆ ಮಾತಾಡಲು ಹೇಗೂ ಆಗುತ್ತಿರಲಿಲ್ಲ.

ಕಂಡವರ ಸಾಮಾನನ್ನು ಇಷ್ಟು ಶಿಸ್ತಾಗಿ ನೋಡಿಕೊಳ್ಳುವ ಮನುಷ್ಯ ತನ್ನ ಮನೆಯ ವಿಷಯದಲ್ಲಿ ಹಾಗಿರುವುದು ಅಪರೂಪ. ಎರಡು ವರ್ಷದ ಹಿಂದೆ ರಾಯರ ಷಡ್ಡಕ, ಅಂದರೆ ಅವರ ಹೆಂಡತಿಯ ಅಕ್ಕನ ಗಂಡ, ಟೈಲ್ಸ್ ಅಂಗಡಿಯವನು, ಮನೆಗೊಂದು ಸೋಫಾ ತಂದ. ಮರುವಾರವೇ ರಾಯರು ಅದಕ್ಕಿಂತ ಒಂದು ಗೇಣು ಉದ್ದದ ಸೋಫಾ ತಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಸೋಫಾದ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಬ್ಯಾಂಕಿನವರು ಸಾಲ ಕೊಡುವಾಗ ‘ಇನ್ನೂ ಸ್ವಲ್ಪ ತಗೊಳ್ಳಿ, ಕಂತು ಹೆಚ್ಚೇನೂ ಆಗಲ್ಲ’ ಎಂದು ಊಟಕ್ಕೆ ಬಡಿಸುವವರ ಹಾಗೆ ಒತ್ತಾಯ ಮಾಡಿದ್ದರಿಂದ, ಒಂದೇ ಸಾಲದಲ್ಲಿ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ಲೂ ಮೂವತ್ತಾರು ಪಿಂಗಾಣಿ ತಟ್ಟೆಗಳೂ ಮನೆಗೆ ಬಂದವು.

ಸೋಫಾದ ಮೇಲೆ ಮಾತ್ರ ಯಾರೂ ಕೂರಲಿಲ್ಲ. ಅಂಗಡಿಯವರು ಹೊದಿಸಿದ್ದ ಪ್ಲಾಸ್ಟಿಕ್ ಬಿಚ್ಚಿದರೆ ಕೊಳೆಯಾಗುತ್ತದೆ; ಬಿಚ್ಚದೆ ಕೂತರೆ ಜಾರುತ್ತದೆ. ಆದ್ದರಿಂದ ಗಂಡ ಹೆಂಡತಿ ಇಬ್ಬರೂ ನೆಲದ ಮೇಲೆ ಕೂತು, ಅದಕ್ಕೆ ಒರಗಿಕೊಂಡು, ಪ್ರತಿ ತಿಂಗಳೂ ಅದರ ಕಂತು ಕಟ್ಟುತ್ತಿದ್ದರು.

‘ನಿಮ್ಮ ಸಂಬಳ ನಿಮ್ಮ ಡಿಪೋ ಬಸ್ಸಿದ್ದ ಹಾಗೆ ಕಣ್ರೀ,’ ಎಂದಿದ್ದಳು ಹೆಂಡತಿ. ‘ನಮ್ಮ ಸ್ಟಾಪಲ್ಲಿ ಬರೀ ಇಳಿಸೋಕೆ ನಿಲ್ಲುತ್ತೆ. ಹತ್ತೋಕೆ ಜಾಗ ಇರಲ್ಲ.’

ಆಕೆಗೆ ಹತ್ತಲೇಬೇಕಾದ ಬಸ್ಸೊಂದು ಆ ತಿಂಗಳು ಎದುರಿಗೇ ನಿಂತಿತ್ತು. ಓಣಿಯ ಮೂಲೆಯಲ್ಲಿ ಒಬ್ಬ ಮುದುಕ ದರ್ಜಿಯ ಅಂಗಡಿ. ಹನ್ನೊಂದು ವರ್ಷದಿಂದ ಆಕೆ ಅವನಿಂದ ಕೆಲಸ ತಂದು ಮನೆಯಲ್ಲೇ ಹೊಲಿದುಕೊಡುತ್ತಿದ್ದಳು: ಪ್ಯಾಂಟಿನ ಜಿಪ್ಪು, ಪರದೆಯ ಅಂಚು, ದಪ್ಪಗಾದವರ ಕೋಟು.

‘ಮಗಳೇ,’ ಎಂದ ಮುದುಕ, ‘ನನಗೀಗ ಸೂಜಿ ಕಾಣುತ್ತೆ, ಅದರ ಕಣ್ಣು ಕಾಣಲ್ಲ. ಗಿರಾಕಿಗಳು ಹೇಗೂ ನಿನ್ನ ಹೊಲಿಗೆಗೇ ಬರೋದು. ಅಂಗಡಿ ನೀನೇ ಇಟ್ಕೋ. ಆದ್ರೆ ಕಟ್ಟಡದೋನು ಮುಂಗಡ ಅರವತ್ತು ಸಾವಿರ ಕೇಳ್ತಾನೆ. ತಿಂಗಳ ಕೊನೇ ತನಕ ಕಾಯ್ತೀನಿ ಅಂದಿದಾನೆ. ಆಮೇಲೆ ಮೊಬೈಲ್ ಕವರ್ ಮಾರೋನಿಗೆ ಕೊಡ್ತಾನಂತೆ.’

ಆಕೆಯ ಗುಂಡಿಯ ಡಬ್ಬಿಯಲ್ಲಿ, ಗುಂಡಿಗಳ ಕೆಳಗೆ, ಇಪ್ಪತ್ತೆರಡು ಸಾವಿರವಿತ್ತು. ಉಳಿದ ಮೂವತ್ತೆಂಟನ್ನು ಎಲ್ಲಿಂದ ತರುವುದೆಂದು ಗಂಡನನ್ನು ಕೇಳಿದಳು. ರಾಯರು ಬಹಳ ಹೊತ್ತು ಯೋಚಿಸಿ, ‘ನೋಡೋಣ’ ಎಂದರು. ಮನೆಯಲ್ಲಿ ದುಡ್ಡಿಲ್ಲದಾಗ ಗಂಡಸರು ಇದನ್ನೇ ಹೇಳುತ್ತಾರೆ. ಇದ್ದಾಗಲೂ ಹೆಚ್ಚಾಗಿ ಇದನ್ನೇ ಹೇಳುತ್ತಾರೆ.

ಅದೇ ವಾರ ಡಿಪೋದ ಹರಾಜಿನಲ್ಲಿ ಯಾರಿಗೂ ಬೇಡವಾಗಿ ಉಳಿದ ಒಂದು ಪುಸ್ತಕವನ್ನು ರಾಯರು ಚಿಲ್ಲರೆ ಕಾಸಿಗೆ ಕೊಂಡರು. ಅದಕ್ಕೆ ರಟ್ಟಿರಲಿಲ್ಲ, ಹೆಸರಿರಲಿಲ್ಲ, ಅರವತ್ತನಾಲ್ಕನೆಯ ಪುಟದಿಂದಾಚೆಗೆ ಏನೂ ಇರಲಿಲ್ಲ. ಆದರೆ ಮೊದಲ ಸಾಲಿನಲ್ಲೇ, ‘ನೀವು ಸ್ವತಂತ್ರರೆ?’ ಎಂದು ಕೇಳಿತ್ತು. ಸಂಬಳಕ್ಕಾಗಿ ತಿಂಗಳ ಕೊನೆಯನ್ನು ಕಾಯುವವನು ಸ್ವತಂತ್ರನಲ್ಲ. ಸಾಲವಿಲ್ಲದೆ, ಕೈಯಲ್ಲಿ ನಾಲ್ಕು ಕಾಸಿಟ್ಟುಕೊಂಡು, ಎರಡು ಕಡೆಯಿಂದ ವರಮಾನ ಬರುವವನೇ ಸ್ವತಂತ್ರ. ಮನಸ್ಸು ಗಟ್ಟಿ ಮಾಡಿ ಹೊರಟವನ ಕಡೆಗೆ ದುಡ್ಡು ತಾನಾಗಿ ನಡೆದು ಬರುತ್ತದೆ. ಹಾಗೆಂದು ಪುಸ್ತಕ ಹೇಳಿತು. ಅರವತ್ತನಾಲ್ಕನೆಯ ಪುಟದ ಕೊನೆಯ ಸಾಲು ಹೀಗಿತ್ತು: ‘ಆದ್ದರಿಂದ ಮೊಟ್ಟಮೊದಲು ನಿಮ್ಮ ಮನೆಯಲ್ಲಿ ಏನೇನಿದೆ ಎಂಬುದರ ಪೂರ್ತಿ ಪಟ್ಟಿ ಮಾಡಿ.’

ಬೇರೆ ಯಾರಾದರೂ ಆಗಿದ್ದರೆ ಒಂದು ಕಾಗದ, ಒಂದು ಪೆನ್ನು ತೆಗೆದುಕೊಂಡು ಕೂರುತ್ತಿದ್ದರು. ಕೊಡೆರಾಯರಿಗೆ ಪಟ್ಟಿ ಮಾಡುವ ಕ್ರಮ ಒಂದೇ ಗೊತ್ತು. ಡಿಪೋಗೆ ಹೊಸ ನಮೂನೆಯ ಚೀಟಿಗಳು ಬಂದಾಗ ಹಳೆಯ ಚೀಟಿಗಳ ಕಟ್ಟೊಂದನ್ನು ರದ್ದಿಯ ಹರಾಜಿನಲ್ಲಿ ಅವರೇ ಕೊಂಡು ಅಟ್ಟದ ಮೇಲೆ ಇಟ್ಟಿದ್ದರು. ಭಾನುವಾರ ಬೆಳಿಗ್ಗೆ ಅದನ್ನು ಇಳಿಸಿ, ಹುರಿಯುಂಡೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆಯಿಂದ ಶುರು ಮಾಡಿದರು.

‘ಏನ್ರೀ ಇದು?’ ಹೆಂಡತಿ ಮಿಕ್ಸಿಯ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಚೀಟಿಯನ್ನು ಹಿಡಿದು ಕೇಳಿದಳು.

‘ಪಟ್ಟಿ.’

‘ಯಾತಕ್ಕೆ?’

‘ಆರ್ಥಿಕ ಸ್ವಾತಂತ್ರ್ಯಕ್ಕೆ.’

‘ಸ್ವಾತಂತ್ರ್ಯ ಯಾರಿಗೆ, ಮಿಕ್ಸಿಗಾ?’

ರಾಯರು ನಿಯಮ ವಿವರಿಸಿದರು. ತೊಂಬತ್ತು ದಿನದಿಂದ ಯಾರೂ ಬಳಸದ ಸಾಮಾನು ನಮ್ಮದಲ್ಲ. ಯಾರೋ ಬಸ್ಸಿನಲ್ಲಿ ಬಿಟ್ಟುಹೋದದ್ದು ನಮ್ಮ ಮನೆಯಲ್ಲಿದೆ ಎಂದು ತಿಳಿಯಬೇಕು. ಅಂಥದ್ದರ ಚೀಟಿ ಮಗುಚಿ ಹರಾಜು ಹಾಕುವುದು. ಹೆಂಡತಿ ನಗಲು ಬಾಯಿ ತೆರೆದವಳು, ಅರ್ಧದಲ್ಲಿ ನಿಲ್ಲಿಸಿ ನಡುಮನೆಯ ಕಡೆ ನೋಡಿದಳು.

‘ಹಾಗಾದ್ರೆ ಮೊದಲು ಅದಕ್ಕೆ ಕಟ್ಟಿ.’

‘ಸೋಫಾಗಾ?’ ರಾಯರು ಹುರಿಯುಂಡೆಯನ್ನು ಬೆನ್ನ ಹಿಂದೆ ಹಿಡಿದರು. ನಿಯಮ ಮಾಡುವಾಗ ಅದು ತನ್ನ ಸೋಫಾದ ತನಕ ಬಂದೀತು ಎಂದು ಯಾರೂ ಯೋಚಿಸಿರುವುದಿಲ್ಲ. ‘ಕಡೇ ಸಲ ಅದರ ಮೇಲೆ ಯಾರು ಕೂತಿದ್ದು?’

‘ಭಾವ. ಏಳು ತಿಂಗಳಾಯ್ತು. ಕೂತರು ಅಂತಾನೂ ಹೇಳೋಕಾಗಲ್ಲ, ಜಾರಿ ಕೆಳಗೆ ಬಂದ್ರು.’

ಸೋಫಾದ ಚೀಟಿ ಮಗುಚಿತು. ತಟ್ಟೆಗಳ ಪೆಟ್ಟಿಗೆಯದೂ ಮಗುಚಿತು. ಸೈಕಲ್ಲಿನ ವಿಷಯದಲ್ಲಿ ಮಾತ್ರ ಸ್ವಲ್ಪ ವಾದವಾಯಿತು.

‘ಇದು ಬಳಕೆಯಲ್ಲಿದೆ ಕಣೇ. ಟವೆಲು ಒಣಗ್ತಿದೆ ನೋಡು.’

‘ಟವೆಲು ಒಣಗಿಸೋಕೆ ಒಂದು ಮೊಳೆ ಸಾಕು.’

ಕೊನೆಗೆ ರಾಯರು ಹೊಲಿಗೆ ಯಂತ್ರದ ಹತ್ತಿರ ಬಂದಾಗ ಹೆಂಡತಿ ಕತ್ತರಿ ಎತ್ತಿಕೊಂಡಳು. ‘ಇದರ ತಂಟೆಗೆ ಬಂದ್ರೆ ಆ ಚೀಟೀನ ನಿಮಗೇ ಕಟ್ತೀನಿ.’ ರಾಯರು ಅದನ್ನು ಪಟ್ಟಿಯಿಂದ ಕೈಬಿಟ್ಟರು.

ಮರುದಿನ ಎದುರುಮನೆಯಾಕೆ ಲೋಟ ಹಿಡಿದು ಸಕ್ಕರೆ ಕೇಳಲು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಸೋಫಾಕ್ಕೊಂದು ಚೀಟಿ, ಗಡಿಯಾರಕ್ಕೊಂದು, ಕನ್ನಡಿಗೊಂದು. ಗಾಳಿಗೆ ಅವೆಲ್ಲ ತಿರುಗುತ್ತ, ಎಲ್ಲೆಲ್ಲೂ ಗುಂಡು ಮುದ್ರೆ, ಕೆಂಪು ಅಕ್ಷರ.

‘ರಾಯರೇ,’ ಎಂದರು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. ‘ಯಾವಾಗ ಬಂದಿದ್ರು?’

‘ಯಾರು?’

‘ಅವರೇ. ಚೀಟಿ ಕಟ್ಟೋರು.’

‘ಯಾರೂ ಬರಲಿಲ್ಲವಲ್ಲ! ನಾನೇ ಕಟ್ಟಿದ್ದು, ನನ್ನ ಕೈಯಾರೆ.’

‘ಅಯ್ಯೋ, ನಿಮ್ಮ ಕೈಯಲ್ಲೇ ಕಟ್ಟಿಸಿದ್ರಾ!’

‘ಬರೋ ಭಾನುವಾರ ಹರಾಜು. ಮರೀದೆ ಬನ್ನಿ.’

‘ನಗ್ತಾ ನಗ್ತಾ ಹೇಳ್ತೀರಲ್ಲ ರಾಯರೇ!’

‘ಅಳೋದ್ಯಾಕಮ್ಮ? ಇದೆಲ್ಲ ಹೋಗಿಬಿಟ್ರೆ ನಾನು ಸ್ವತಂತ್ರ ಮನುಷ್ಯ!’

ಆಕೆ ಲೋಟವನ್ನು ಎದೆಗೊತ್ತಿಕೊಂಡು ಹಿಂದೆ ಹಿಂದೆ ನಡೆದು ಹೊರಟುಹೋದರು. ಆ ಮನೆಯಿಂದ ಆಕೆ ಸಕ್ಕರೆಯಿಲ್ಲದೆ ಹೊರಟದ್ದು ಓಣಿಯ ಇತಿಹಾಸದಲ್ಲಿ ಅದೇ ಮೊದಲು.

ಆಕೆಯ ಗಂಡ ಕೋರ್ಟಿನಲ್ಲಿ ಮೂವತ್ತು ವರ್ಷ ಬಾಗಿಲು ಕಾದು ನಿವೃತ್ತರಾದವರು. ಆದ್ದರಿಂದ ಓಣಿಯ ಕಾನೂನು ಪಂಡಿತರು. ಅವರು ಹೆಂಡತಿಯ ವರದಿ ಕೇಳಿ, ಕಣ್ಣು ಮುಚ್ಚಿ, ‘ಜಪ್ತಿ’ ಎಂದು ತೀರ್ಪು ಕೊಟ್ಟರು. ಹರಾಜಿಗೆ ಎಂದು ಬರೆದು ಗುಂಡು ಮುದ್ರೆ ಒತ್ತಿದರೆ ಜಪ್ತಿಯಲ್ಲದೆ ಇನ್ನೇನು? ‘ಇನ್ನೊಂದು ಮಾತು,’ ಎಂದರು. ‘ಅವನ ಸಾಮಾನು ಯಾರ ಮನೇಲಿದ್ರೂ ಕಾನೂನು ಬಿಡಲ್ಲ. ಅದನ್ನ ಹುಡುಕ್ಕೊಂಡು ಅವರ ಮನೆಗೂ ಬರ್ತಾರೆ. ಬಂದೋರು ಬರೀ ಅದನ್ನಷ್ಟೇ ನೋಡ್ಕೊಂಡು ಹೋಗ್ತಾರೆ ಅಂತ ಏನು ಗ್ಯಾರಂಟಿ?’

ಈ ಮಾತು ಹೇಳುವಾಗ ಅವರು ಕೊಡೆರಾಯರಿಂದ ಮೂರು ವರ್ಷದ ಹಿಂದೆ ತಂದ ಏಣಿಯ ಮೇಲೆ ನಿಂತು ಬಲ್ಬು ಹಾಕುತ್ತಿದ್ದರು. ಅರ್ಧ ಹಾಕಿದ ಬಲ್ಬನ್ನು ಅಲ್ಲೇ ಬಿಟ್ಟು ಇಳಿದರು. ಕತ್ತಲಾಗುವ ಮುಂಚೆ ಏಣಿ ರಾಯರ ಅಂಗಳದಲ್ಲಿತ್ತು.

ಅದರ ಹಿಂದೆಯೇ ಡ್ರಿಲ್ಲಿಂಗ್ ಯಂತ್ರ ಬಂತು. ಇಸ್ತ್ರಿಪೆಟ್ಟಿಗೆ ಬಂತು. ಸೂಟ್‌ಕೇಸು ಬಂತು, ಅದರೊಳಗೆ ಅವಸರದಲ್ಲಿ ತೆಗೆಯಲು ಮರೆತ ಇನ್ನೊಬ್ಬರ ಒಳಚಡ್ಡಿಯೂ ಬಂತು. ತಂದವರೆಲ್ಲ ತಲೆ ತಗ್ಗಿಸಿ, ‘ನಿಮ್ಮದು ನಿಮ್ಮ ಹತ್ರಾನೇ ಇರಲಿ ರಾಯರೇ’ ಎಂದು ಕೈ ಮುಗಿದು ಹೋದರು. ಕೊಡೆರಾಯರು ಒಂದೊಂದಕ್ಕೂ ಚೀಟಿ ಕಟ್ಟುತ್ತ ಬೆರಗಾದರು.

‘ನೋಡಿದ್ಯಾ? ಪುಸ್ತಕದಲ್ಲಿ ಬರೆದಿರೋದು ಸುಳ್ಳಲ್ಲ. ಮನಸ್ಸು ಗಟ್ಟಿ ಮಾಡಿದೆ, ತಾನಾಗಿ ನಡೆದು ಬರ್ತಿದೆ!’

ಹೆಂಡತಿಗೆ ವಿಷಯ ಆಗಲೇ ಗೊತ್ತಾಗಿತ್ತು. ನಲ್ಲಿಯ ಹತ್ತಿರ ಇಬ್ಬರು ಆಕೆಯ ಭುಜ ತಟ್ಟಿ ‘ಧೈರ್ಯವಾಗಿರಮ್ಮ’ ಎಂದಿದ್ದರು. ಯಾರಾದರೂ ನೇರವಾಗಿ ಕೇಳಿದರೆ ನಿಜ ಹೇಳಬೇಕೆಂದು ಆಕೆ ನಿರ್ಧರಿಸಿದ್ದಳು. ಯಾರೂ ಕೇಳಲಿಲ್ಲ. ಸಮಾಧಾನ ಹೇಳಲು ಬಂದವರು ಪ್ರಶ್ನೆ ಕೇಳುವುದಿಲ್ಲ, ಅವರಿಗೆ ಎಲ್ಲ ಗೊತ್ತಿರುತ್ತದೆ.

ಬುಧವಾರ ಷಡ್ಡಕ ಬಂದ. ಅವನ ಕೈಯಲ್ಲಿ ಒಂದು ಲಕೋಟೆ, ಮುಖದಲ್ಲಿ ದುಃಖ. ದುಃಖದ ಅಡಿಯಲ್ಲಿ ಸೋಫಾದ ಉದ್ದವನ್ನು ಕಣ್ಣಲ್ಲೇ ಅಳೆಯುವ ಒಂದು ಸಂತೋಷ.

‘ತಗೋಪ್ಪ,’ ಎಂದ. ‘ಐದು ವರ್ಷದ ಹಿಂದೆ ನಿನ್ನ ಹತ್ರ ಇಸ್ಕೊಂಡಿದ್ದ ಹನ್ನೆರಡು ಸಾವಿರ. ನಿನ್ನ ಲೆಕ್ಕದ ಕಾಗದದಲ್ಲೆಲ್ಲಾದ್ರೂ ನನ್ನ ಹೆಸರಿದ್ರೆ ಹೊಡೆದುಹಾಕು. ರಸೀದಿಗೆ ಐದು ವರ್ಷದ ಹಿಂದಿನ ತಾರೀಖು ಹಾಕ್ಕೊಡು.’

‘ಅದಾಗಲ್ಲ ಭಾವ. ಸಾಮಾನು ಸಿಕ್ಕಿದ ದಿನದ್ದೇ ತಾರೀಖು.’ ರಾಯರು ಲಕೋಟೆಗೂ ಚೀಟಿ ಕಟ್ಟಿದರು.

ಷಡ್ಡಕ ಪ್ಲಾಸ್ಟಿಕ್ಕನ್ನು ಮೃದುವಾಗಿ ಸವರಿದ. ‘ಭಾನುವಾರ ಬರ್ತೀನಿ. ಈ ಸೋಫಾ ಯಾರೋ ಹೊರಗಿನೋರ ಪಾಲಾಗೋಕೆ ಬಿಡಲ್ಲ. ಇಂಥ ಮಾಲು ಐದಾರು ಸಾವಿರಕ್ಕೆಲ್ಲ ಹೋಗಿಬಿಡುತ್ತೆ, ಪಾಪ. ನೀನು ಯಾವಾಗ ಬೇಕಾದ್ರೂ ಬಂದು ನಮ್ಮನೇಲಿ ಅದರ ಮೇಲೆ ಕೂತ್ಕೋಬಹುದು.’

ಗುರುವಾರ ಬ್ಯಾಂಕಿನ ಸಾಲದ ಅಧಿಕಾರಿ ಬಂದ. ಟೈ ಕಟ್ಟಿದ್ದ, ಅದು ಬಸ್ಸಿನ ಕಿಟಕಿಯ ಗಾಳಿಗೆ ಹಿಂದೆ ಹಾರಿ ಭುಜದ ಮೇಲೆ ಕೂತಿತ್ತು. ಅವನ ಕೋಪ ಕಂತಿನದಲ್ಲ, ಗೌರವದ್ದು.

‘ನಮ್ಮ ಸೋಫಾಗೆ ಮುದ್ರೆ ಒತ್ತೋಕೆ ಯಾವನ್ರೀ ಅವನು? ಜಪ್ತಿ ಮಾಡೋದಾದ್ರೆ ಮೊದಲ ಹಕ್ಕು ನಮ್ಮದು! ಎರಡು ವರ್ಷದಿಂದ ನಾವು ಕಾಯ್ತಿದೀವಿ, ಮಧ್ಯದಲ್ಲಿ ಬಂದು...’

‘ಸ್ವಾಮಿ, ಕೂತ್ಕೊಳಿ,’ ಎಂದರು ರಾಯರು, ನೆಲ ತೋರಿಸುತ್ತ. ‘ನಿಮ್ಮ ಸಾಲ ತೀರಿಸೋಕೇ ಈ ಹರಾಜು. ಬಾಕಿ ಮೂವತ್ತೊಂದು ಸಾವಿರ. ಭಾನುವಾರ ನೀವೇ ಬನ್ನಿ, ಇಲ್ಲೇ ಎಣಿಸಿಕೊಂಡು ಹೋಗಿ.’

ಅಧಿಕಾರಿ ದಂಗಾದ. ಬ್ಯಾಂಕಿನ ತರಬೇತಿಯಲ್ಲಿ ಸಾಲಗಾರ ಓಡಿಹೋದರೆ, ಅತ್ತರೆ, ನಾಯಿ ಬಿಟ್ಟರೆ ಏನು ಮಾಡಬೇಕೆಂದು ಕಲಿಸಿದ್ದರು. ತೀರಿಸುತ್ತೇನೆ ಎಂದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ. ಆ ಗೊಂದಲದಲ್ಲೇ ಅವನ ಕಣ್ಣು ಕಿಟಕಿಯ ಮೇಲಿದ್ದ ರಟ್ಟಿಲ್ಲದ ಪುಸ್ತಕದ ಮೇಲೆ ಬಿತ್ತು.

‘ಇದು... ಹನ್ನೆರಡನೇ ಪುಟದಲ್ಲಿ ಟೀ ಕಲೆ ಇದ್ಯಾ?’

‘ಇದೆ.’

‘ನಂದು!’ ಅಧಿಕಾರಿಯ ಟೈ ಭುಜದಿಂದ ಜಾರಿ ಸ್ವಸ್ಥಾನಕ್ಕೆ ಬಂತು. ‘ಬಸ್ಸಲ್ಲಿ ಕಿತ್ತು ಎರಡು ಭಾಗ ಆಯ್ತು. ಅರವತ್ತೈದರಿಂದ ಮುಂದೆ ನನ್ನ ಚೀಲದಲ್ಲೇ ಉಳೀತು. ಆದ್ರೆ ಮೊದಲಿಂದ ಓದದೆ ಅದು ಅರ್ಥವೇ ಆಗ್ತಿಲ್ಲ.’ ಸುತ್ತ ನೋಡಿ, ದನಿ ತಗ್ಗಿಸಿದ. ‘ನಂದೇ ಆರು ಕಂತಿವೆ ಸಾರ್. ನಮ್ಮ ಬ್ಯಾಂಕಲ್ಲೇ.’

ರಾಯರಿಗೆ ಅವನ ಮೇಲೆ ಕರುಣೆ ಬಂತು. ಪುಸ್ತಕ ಈಗ ಕಾಯಿದೆ ಪ್ರಕಾರ ತಮ್ಮದಾದರೂ, ಭಾನುವಾರ ಉಳಿದ ಅರ್ಧವನ್ನು ತಂದರೆ ಎರಡನ್ನೂ ಕೂಡಿಸಿ ಹೊಲಿಸಿಕೊಡುವುದಾಗಿ ಮಾತು ಕೊಟ್ಟರು.

ಶುಕ್ರವಾರ ಸುದ್ದಿ ಡಿಪೋ ತಲುಪಿತು. ಮ್ಯಾನೇಜರು ಬಾಗಿಲು ಹಾಕಿಸಿ ರಾಯರನ್ನು ಕರೆಸಿಕೊಂಡರು.

‘ಮನೆ ಸಾಮಾನಿಗೆ ಚೀಟಿ ಬಿದ್ದಿರೋರ ಕೈಯಲ್ಲಿ ಜನರ ಸಾಮಾನು ಇಡೋದು ಹೇಗ್ರೀ? ಅದೂ ಡಿಪೋ ಚೀಟಿನೇ ಅಂತಾರೆ! ಕದ್ದು ತಗೊಂಡು ಹೋದ್ರಾ?’

ಹದಿನೇಳು ವರ್ಷದ ನೌಕರಿ ಒಂದು ಹುರಿಯಲ್ಲಿ ನೇತಾಡುತ್ತಿತ್ತು. ಕೊಡೆರಾಯರು ಜೇಬಿಗೆ ಕೈ ಹಾಕಿ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದರು: ಹಳೆ ಚೀಟಿ, ಕಟ್ಟು ಒಂದು, ರದ್ದಿಯ ಹರಾಜಿನಲ್ಲಿ ಮಾರಿದೆ. ಕೆಳಗೆ ಮ್ಯಾನೇಜರದೇ ರುಜು. ರುಜುವನ್ನು ಕಂಡು ಮ್ಯಾನೇಜರು ಎದ್ದು ನಿಲ್ಲುವವರಂತೆ ಮಾಡಿ ಕೂತರು.

‘ಮತ್ತೆ ಹರಾಜು?’

‘ನಂದೇ ಸಾಮಾನು, ನಾನೇ ಹಾಕ್ತಿರೋದು ಸಾರ್. ಸೋಫಾ, ತಟ್ಟೆ, ಒಂದು ವ್ಯಾಯಾಮದ ಸೈಕಲ್ಲು...’

ಮ್ಯಾನೇಜರು ತಮ್ಮ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡರು. ಡಾಕ್ಟರು ಅದರ ಬಗ್ಗೆ ಕಳೆದ ವಾರವಷ್ಟೇ ಮಾತಾಡಿದ್ದರು. ‘ಸೈಕಲ್ಲು ಹೇಗಿದೆ?’ ಎಂದರು. ‘ನಮ್ಮ ಹರಾಜು ಕೂಗೋನನ್ನ ಕರ್ಕೊಂಡು ಹೋಗಿ. ಭಾನುವಾರ ಅವನಿಗೆ ರಜಾನೇ.’

ಭಾನುವಾರ ಹತ್ತು ಗಂಟೆಗೆ ರಾಯರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಮನುಷ್ಯ ಮುಳುಗುವುದನ್ನು ನೋಡಲು ಇಡೀ ಓಣಿ ಸ್ನಾನ ಮುಗಿಸಿ, ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿತ್ತು. ಅಧಿಕಾರಿ ರಸೀದಿ ಪುಸ್ತಕ ಹಿಡಿದು ಬಾಗಿಲ ಹತ್ತಿರ ನಿಂತಿದ್ದ. ಮುದುಕ ದರ್ಜಿ ಗೋಡೆಗೆ ಒರಗಿದ್ದ. ಕೂಗುವವನು ಗಂಟೆ ಬಾರಿಸಿ ಷರತ್ತು ಸಾರಿದ: ‘ಕೂಗಿದ್ದು ಕೂಗಿದ್ದೇ! ಮೂರು ಸಲ ಆದ್ಮೇಲೆ ದೇವರೇ ಬಂದು ಬೇಡ ಅಂದ್ರೂ ಕೇಳಲ್ಲ! ದುಡ್ಡು ಕೈಗೆ, ಮಾಲು ತಲೆಗೆ!’

ಸೈಕಲ್ಲು ಐದು ಸಾವಿರಕ್ಕೆ ಮ್ಯಾನೇಜರ ಪಾಲಾಯಿತು. ತಟ್ಟೆಗಳನ್ನು ಎದುರುಮನೆಯಾಕೆ ಕಣ್ಣೊರೆಸಿಕೊಳ್ಳುತ್ತಲೇ ಮೂರು ಸಾವಿರಕ್ಕೆ ಕೊಂಡರು. ಏಣಿ ಬಂದಾಗ ಆಕೆಯ ಗಂಡ ಚಡಪಡಿಸಿದರು. ಅರ್ಧ ಬಲ್ಬು ಇನ್ನೂ ಹಾಗೇ ಇತ್ತು. ಮೂರು ವರ್ಷ ಬಿಟ್ಟಿಯಾಗಿ ಬಳಸಿದ ಏಣಿಗೆ ಎರಡು ಸಾವಿರ ಕೊಟ್ಟು ಹೆಗಲೇರಿಸಿಕೊಂಡರು. ಉಳಿದ ಸಣ್ಣಪುಟ್ಟದ್ದಕ್ಕೆಲ್ಲ ನಾಲ್ಕು ಸಾವಿರ ಬಂತು. ಒಳಚಡ್ಡಿಗೆ ವಾರಸುದಾರರು ಮುಂದೆ ಬರಲಿಲ್ಲ.

ಆಮೇಲೆ ನಾಲ್ಕು ಜನ ಸೋಫಾವನ್ನು ಹೊತ್ತು ತಂದರು. ಬಿಸಿಲಿಗೆ ಪ್ಲಾಸ್ಟಿಕ್ಕು ರಾಜಸಭೆಯ ಹಾಗೆ ಹೊಳೆಯಿತು.

‘ಐದು ಸಾವಿರ,’ ಎಂದ ಷಡ್ಡಕ, ಉಗುರು ನೋಡಿಕೊಳ್ಳುತ್ತ.

‘ಹತ್ತು!’ ಎಂದಿತು ಒಂದು ಗಡಸು ದನಿ, ಒಳಗಿನ ಕಿಟಕಿಯ ಪರದೆಯ ಹಿಂದಿನಿಂದ.

ಷಡ್ಡಕ ತಲೆಯೆತ್ತಿದ. ಅವನ ಅಂಗಡಿಯ ಎದುರಿಗೆ ಹೊಸದಾಗಿ ಇನ್ನೊಂದು ಟೈಲ್ಸ್ ಅಂಗಡಿ ತೆರೆದಿತ್ತು. ಅದರ ಮಾಲೀಕನ ದನಿಯೂ ಹೀಗೇ ಗಡಸು. ‘ಓಹೋ! ಇಲ್ಲಿಗೂ ಬಂದನಾ? ಹದಿನೈದು!’

‘ಇಪ್ಪತ್ತು!’

‘ಇಪ್ಪತ್ತೈದು!’

‘ಮೂವತ್ತು!’

ಪರದೆಯ ಹಿಂದೆ ಇದ್ದದ್ದು ರಾಯರ ಅತ್ತೆ. ಮಗಳ ಮನೆ ಜಪ್ತಿಯಾಯಿತೆಂದು ಕೇಳಿ, ಐವತ್ತು ಸಾವಿರವನ್ನು ಚೀಲದಲ್ಲಿ ಕಟ್ಟಿಕೊಂಡು, ನೆಗಡಿಯಾಗಿದ್ದರೂ ಬೆಳಗಿನ ಬಸ್ಸಿಗೇ ಬಂದು, ಯಾರಿಗೂ ಕಾಣದಂತೆ ಹಿತ್ತಲಿನಿಂದ ಒಳಗೆ ಸೇರಿದ್ದರು. ನಾಲ್ಕು ಜನರ ಮುಂದೆ ಕೂಗಿದರೆ ಅಳಿಯನ ಮರ್ಯಾದೆ ಹೋಗುತ್ತದೆಂದು ಒಳಗಿನಿಂದ ಕೂಗುತ್ತಿದ್ದರು. ಹೀಗೆ ಒಬ್ಬ ಅಳಿಯನ ಮಾನ ಉಳಿಸಲು ಇನ್ನೊಬ್ಬ ಅಳಿಯನ ಜೇಬಿಗೆ ಬೆಂಕಿ ಬಿದ್ದದ್ದು ನೆಗಡಿಗೆ ಕಿವಿ ಅರ್ಧ ಕಟ್ಟಿದ್ದ ಆಕೆಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

‘ನಲವತ್ತು!’ ಎಂದು ಷಡ್ಡಕ ಟೋಪಿ ತೆಗೆದು ಸೋಫಾದ ಮೇಲೆಸೆದ. ಅದು ಜಾರಿ ಕೆಳಗೆ ಬಿತ್ತು.

‘ನಲವತ್ತೈದು!’

ಒಳಗೆ ಮಗಳು ಓಡಿಬಂದು ತಾಯಿಯ ಕೈ ಹಿಡಿದಳು. ‘ಅಮ್ಮಾ, ಸಾಕು!’

‘ಬಿಡೇ. ಎರಡು ವರ್ಷ ಕಂತು ಕಟ್ಟಿದ ಸೋಫಾ ಕಂಡೋರ ಪಾಲಾಗೋಕೆ...’

‘ಅದು ಹೋಗಲಿ ಅಂತಾನೇ ಇಟ್ಟಿರೋದಮ್ಮ! ಜಪ್ತೀನೂ ಇಲ್ಲ ಮಣ್ಣೂ ಇಲ್ಲ, ನಾವೇ ಮಾರ್ತಿರೋದು!’

ಅತ್ತೆ ಬಾಯಿಗೆ ಸೆರಗು ಹಿಡಿದರು. ಹೊರಗಿನಿಂದ ‘ನಲವತ್ತಾರು!’ ಎಂಬ ಗರ್ಜನೆ ಕೇಳಿತು. ಒಳಗಿನಿಂದ ಉತ್ತರವಾಗಿ ಒಂದು ಸೀನು ಮಾತ್ರ ಬಂತು. ಕೂಗುವವನು ಅದು ನಲವತ್ತೇಳೋ ಎಂದು ಕ್ಷಣ ಕಾಲ ಕಿವಿಗೊಟ್ಟು, ಅಲ್ಲವೆಂದು ಖಚಿತಪಡಿಸಿಕೊಂಡು, ಗಂಟೆ ಎತ್ತಿದ.

‘ನಲವತ್ತಾರು ಒಂದು ಸಲ! ಎರಡು ಸಲ! ಮೂರು ಸಲ!’

ಷಡ್ಡಕ ಯುದ್ಧ ಗೆದ್ದವನ ಹಾಗೆ ಸುತ್ತ ನೋಡಿದ. ಬೆವರು ಒರೆಸಿಕೊಂಡು ನೋಟಿನ ಕಟ್ಟು ತೆಗೆದ. ‘ಯಾರಿಗೆ ಕೊಡ್ಬೇಕು? ಕೋರ್ಟಿನವರು ಎಲ್ಲಿ?’

‘ಯಾವ ಕೋರ್ಟು ಭಾವ?’ ಎಂದರು ಕೊಡೆರಾಯರು. ಅವರ ಮುಖದಲ್ಲಿ ಒಂದು ಚೂರೂ ಕಪಟವಿರಲಿಲ್ಲ. ‘ಸೋಫಾ ನಂದು. ದುಡ್ಡು ನನಗೇ ಕೊಡಿ.’

ಅಂಗಳದ ಎಲ್ಲ ತಲೆಗಳೂ ಒಟ್ಟಿಗೆ ಏಣಿ ಹೊತ್ತ ಕಾನೂನು ಪಂಡಿತರ ಕಡೆ ತಿರುಗಿದವು.

‘ನಾನು ಜಪ್ತಿ ಅಂತ ಎಲ್ಲಿ ಹೇಳಿದೆ?’ ಎಂದರು ಅವರು. ‘ಜಪ್ತಿ ಇರಬಹುದು ಅಂದೆ. ಕಾನೂನಲ್ಲಿ ‘ಇರಬಹುದು’ ಅನ್ನೋದಕ್ಕೆ ಬಹಳ ಅರ್ಥ ಇದೆ.’

‘ನನ್ನ ಸೂಟ್‌ಕೇಸು!’ ಎಂದಿತು ಒಂದು ಧ್ವನಿ. ‘ನಿನ್ನದೆಲ್ಲಿ? ಅದು ರಾಯರದೇ ಅಲ್ವೇನೋ!’ ಎಂದಿತು ಇನ್ನೊಂದು. ಯಾರೋ ಮೊದಲು ನಕ್ಕರು. ಆಮೇಲೆ ಇಡೀ ಅಂಗಳ ನಕ್ಕಿತು. ಷಡ್ಡಕ ಕೂಗುವವನ ಕಡೆ ನೋಡಿದ. ಕೂಗುವವನು ಆಕಾಶದ ಕಡೆ ಕೈ ತೋರಿಸಿ ತಲೆಯಾಡಿಸಿದ. ದೇವರೇ ಬಂದರೂ ಇಲ್ಲ. ಷಡ್ಡಕ ನೋಟುಗಳನ್ನು ಎಣಿಸಿ ಕೊಟ್ಟ. ಪುಣ್ಯಾತ್ಮ ಸೋಲಿನಲ್ಲೂ ದೊಡ್ಡಸ್ತಿಕೆ ಬಿಡಲಿಲ್ಲ: ‘ನಮ್ಮ ಕಡೆ ಈಗ ಎರಡು ಸೋಫಾ,’ ಎಂದ. ಸಂಜೆ ಎರಡನೆಯದು ಅವನ ಬಾಗಿಲಲ್ಲಿ ಹಿಡಿಸಲಿಲ್ಲ. ಒಂದು ಗೇಣು ಉದ್ದವಾಗಿತ್ತು.

ಸಾಲದ ಮೂವತ್ತೊಂದು ಸಾವಿರ ಎಣಿಸಿಕೊಂಡು ಅಧಿಕಾರಿ ‘ಬಾಕಿ ಇಲ್ಲ’ ಎಂದು ಬರೆದುಕೊಟ್ಟ. ಆ ಎರಡು ಪದ ಬರೆಯುವಾಗ ಅವನ ಕೈ ಎಡವಿತು; ಅಭ್ಯಾಸವಿರಲಿಲ್ಲ. ಉಳಿದದ್ದಕ್ಕೆ ಷಡ್ಡಕನ ಲಕೋಟೆ ಸೇರಿತು, ಗುಂಡಿಯ ಡಬ್ಬಿ ಸೇರಿತು. ಅರವತ್ತು ಸಾವಿರ ಮುದುಕ ದರ್ಜಿಯ ಕೈಗೆ ಬಿದ್ದಾಗ, ಅವನು ಅದನ್ನು ಎಣಿಸದೆ, ಜೇಬಿನಿಂದ ಬೀಗದ ಕೈ ತೆಗೆದು ಆಕೆಯ ಅಂಗೈಯಲ್ಲಿಟ್ಟ.

‘ಬಾಗಿಲು ಸ್ವಲ್ಪ ಬಿಗಿ ಮಗಳೇ. ಬಲಗಡೆ ಮೊಣಕೈಯಲ್ಲಿ ಒಂದು ಗುದ್ದು ಗುದ್ದಬೇಕು.’

‘ಗೊತ್ತು ಅಜ್ಜ,’ ಎಂದಳು ಆಕೆ. ‘ಹನ್ನೊಂದು ವರ್ಷದಿಂದ ನೋಡ್ತಿದೀನಿ.’ ಅಷ್ಟು ಹೇಳಿ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ತಾಯಿ ಹಿಂದೆ ಹೋದವರು ಇನ್ನೂ ನಾಲ್ಕು ಸಲ ಸೀನಿದರು. ಅದು ನೆಗಡಿಯದಲ್ಲ ಎಂದು ನಮ್ಮ ಊಹೆ.

ಕೈಯಲ್ಲಿ ಮೂರು ಸಾವಿರ ಉಳಿಯಿತು. ಸಾಲವಿಲ್ಲ, ನಾಲ್ಕು ಕಾಸು ಇದೆ, ಎರಡು ಕಡೆಯ ವರಮಾನ ಬರಲಿದೆ. ಪುಸ್ತಕದ ಲೆಕ್ಕದಲ್ಲಿ ಕೊಡೆರಾಯರು ಸ್ವತಂತ್ರರಾದರು. ಅಧಿಕಾರಿ ಚೀಲದಿಂದ ಉಳಿದ ಅರ್ಧ ತೆಗೆದ. ರಾಯರು ಅರವತ್ತೈದನೆಯ ಪುಟ ತೆರೆದು ಗಟ್ಟಿಯಾಗಿ ಓದಿದರು: ‘ಪಟ್ಟಿ ಮಾಡಿದ ಮೇಲೆ, ಯಾವ ಕಾರಣಕ್ಕೂ ಆತುರಪಟ್ಟು ಏನನ್ನೂ ಮಾರಬೇಡಿ.’

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ಮುದ್ರಣದ ತಪ್ಪು,’ ಎಂದರು ರಾಯರು.

‘ಹೌದು ಸಾರ್,’ ಎಂದ ಅಧಿಕಾರಿ. ‘ನಮ್ಮನೇಲೂ ಒಂದು ಸೋಫಾ ಇದೆ. ಆ ಹಳೇ ಚೀಟಿ ಇನ್ನೂ ಉಳಿದಿದ್ರೆ...’

ಸೋಮವಾರ ಬೆಳಿಗ್ಗೆ ಹೆಂಡತಿ ಹೊಸ ಅಂಗಡಿಗೂ ಗಂಡ ಡಿಪೋಗೂ ಹೊರಟರು. ಹೊರಡುವಾಗ ಆಕೆ, ‘ನಿಲ್ಲಿ, ಕಾಲರ್ ಮಡಚಿದೆ’ ಎಂದು ಹಿಂದಿನಿಂದ ಸರಿಮಾಡಿದಳು. ರಾಯರು ಎದೆಯುಬ್ಬಿಸಿ ಓಣಿಯುದ್ದಕ್ಕೂ ನಡೆದರು. ಜನ ಇವತ್ತು ವಿಶೇಷವಾಗಿ ನಗುತ್ತಿದ್ದಾರೆ ಅನ್ನಿಸಿತು. ಸ್ವತಂತ್ರ ಮನುಷ್ಯನನ್ನು ಕಂಡರೆ ಹಾಗೇ ಎಂದುಕೊಂಡರು. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೊಡುವ ಮೊದಲು ಅವರ ಬೆನ್ನ ಹಿಂದೆ ಏನನ್ನೋ ಓದಿದ. ಡಿಪೋದಲ್ಲಿ ಹರಾಜು ಕೂಗುವವನೇ ಕೊನೆಗೆ ಅದನ್ನು ಕೈಯಲ್ಲಿ ಹಿಡಿದು, ಗಂಟೆಯೊಂದಿಲ್ಲದ ಕೊರತೆ ಬಿಟ್ಟರೆ ತನ್ನ ವೃತ್ತಿಗೆ ತಕ್ಕ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಓದಿದ.

‘ಸಾಮಾನು: ಗಂಡ, ಒಂದು. ಸ್ಥಿತಿ: ಹಳೆಯದು, ಆದರೆ ಓಡುತ್ತದೆ. ಸಿಕ್ಕಿದ ಜಾಗ: ಸೋಫಾದ ಕೆಳಗೆ. ತಾರೀಖು: ನಿನ್ನೆ. ವಾರಸುದಾರರು: ಬಂದಾಯಿತು.’

ಮಗುಚಿ ನೋಡಿದ. ಹಿಂಬದಿಯ ‘ಹರಾಜಿಗೆ’ ಎಂಬುದರ ಮೇಲೆ ಹೊಲಿಗೆಯ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದಿತ್ತು.

ಡಿಪೋ ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರು ಸೈಕಲ್ ತುಳಿದು ಹಿಡಿದುಕೊಂಡಿದ್ದ ಕಾಲನ್ನು ಎಳೆಯುತ್ತ ಹೊರಗೆ ಬಂದು ನಕ್ಕರು. ಕೂಗುವವನು ಹುರಿ ಕತ್ತರಿಸಲು ಕತ್ತರಿ ಎತ್ತಿಕೊಂಡ.

‘ಮುಟ್ಟಬೇಡ!’ ಎಂದರು ಕೊಡೆರಾಯರು.

ನಿಯಮ ನಿಯಮವೇ. ಅವರು ಕೋಣೆಯ ಬೀಗ ತೆಗೆದು, ಕೊಡೆಗಳ ನಡುವೆ ಕೂತು, ಸಂಜೆ ಆರರ ತನಕ ಚೀಟಿ ಕಟ್ಟಿಕೊಂಡೇ ಕೆಲಸ ಮಾಡಿದರು. ಆಮೇಲೆ ಅದರ ಸಮೇತ ಅದೇ ಬಸ್ಸು ಹತ್ತಿ, ಮೂಲೆಯ ಅಂಗಡಿಯ ಮುಂದೆ ಇಳಿದು, ಬಾಗಿಲ ಬಲಗಡೆ ಮೊಣಕೈಯಲ್ಲಿ ಒಂದು ಗುದ್ದು ಗುದ್ದಿ, ಒಳಗೆ ಹೋಗಿ ಬೆನ್ನು ತಿರುಗಿಸಿ ನಿಂತರು.

‘ಬಿಚ್ಚು,’ ಎಂದರು. ‘ಮೊದಲು ರುಜು ಹಾಕು.’